ಹುಣಸೆಹಣ್ಣು ಹಚ್ಚಿ ಬೆಳಗಿದ ನಾಣ್ಯಗಳು

ನನ್ನ ತಮ್ಮ ಶರಣುವಿಗೆ ನಾನು ಒಂದು ನಿಜ ಹೇಳಬೇಕಾಗಿತ್ತು, ವರ್ಷಗಟ್ಟಲೆ ಹೇಳಲಿಲ್ಲ. ಹೇಳುವುದಕ್ಕೆ ಹೊತ್ತು ಸಿಗಲಿಲ್ಲ ಎನ್ನುವ ಹಾಗಿಲ್ಲ; ಅವನ ಮಕ್ಕಳು ಹುಟ್ಟಿ, ಓದಿ, ಮದುವೆಯಾಗುವಷ್ಟು ಹೊತ್ತು ಸಿಕ್ಕಿತ್ತು. ನಿಜ ಇಷ್ಟೇ. ಅವನು ನನ್ನ ಹತ್ತಿರ ಇಡಲು ಕೊಟ್ಟ ಹಳೆಯ ನಾಣ್ಯಗಳನ್ನು, ತೊಳೆಯಬೇಡ ಎಂದು ಹೇಳಿಯೇ ಕೊಟ್ಟವನ್ನು, ನಾನು ತಿಕ್ಕಿ ತೊಳೆದೆ. ಲಕ್ಷ್ಮೀಪೂಜೆಗೆ ತೊಳೆದೆ ಎಂದು ಅವನಿಗೆ ಹೇಳಿದೆ. ಅವನು ನಂಬಿದ. ನಾನು ತೊಳೆದದ್ದು ಲಕ್ಷ್ಮಿಗಾಗಿ ಅಲ್ಲ, ಮಾರುವುದಕ್ಕೆ.

ಹೇಳಬೇಕಾದದ್ದನ್ನು ಹೇಳಿಯಾಯಿತು, ಇಲ್ಲಿಗೇ ಮುಗಿಸಬಹುದು. ಆದರೆ ನಾನು ಆರನೇ ಈಯತ್ತೆಗೆ ಶಾಲೆ ಬಿಟ್ಟವಳು. ಎಲ್ಲಿ ನಿಲ್ಲಿಸಬೇಕು ಎಂದು ಕಲಿಸುವ ಪಾಠ ಏಳನೇ ಈಯತ್ತೆಯಲ್ಲಿ ಇತ್ತೋ ಏನೋ.

ಈ ಸಲ ನೆನಪನ್ನು ಕೆದಕಿದ್ದು ಚಾರಾಣೆ. ಇನ್ನು ಮುಂದೆ ನಾಲ್ಕಾಣೆ ನಾಣ್ಯ ಚಲಾವಣೆಯಲ್ಲಿ ಇರುವುದಿಲ್ಲ, ಇದ್ದವರು ಬ್ಯಾಂಕಿಗೆ ಕೊಟ್ಟುಬಿಡಿ ಎಂದು ಟೀವಿಯಲ್ಲಿ ಹೇಳಿದರು. ಹೈದರಾಬಾದಿನ ನಮ್ಮ ಬೇಗಂ ಬಜಾರಿನಲ್ಲಿ ಚಾರಾಣೆ ಸತ್ತು ವರ್ಷಗಳಾಗಿದ್ದವು. ಸರ್ಕಾರ ಈಗ ತಿಥಿ ಮಾಡಿತು, ಅಷ್ಟೇ. ದೇವರ ಮನೆಯ ಡಬ್ಬಿ ಬೋರಲು ಹಾಕಿದರೆ ಘೇಂಡಾಮೃಗದ ಚಿತ್ರವಿದ್ದ ಒಂದು ಹಿಡಿ ಚಾರಾಣೆ ಬಿದ್ದವು. ಬ್ಯಾಂಕಿಗೆ ಒಯ್ದರೆ ಆಟೋದವನಿಗೆ ಕೊಡುವಷ್ಟೂ ಆಗುವುದಿಲ್ಲ. ಅದನ್ನೇ ಪಕ್ಕದ ಮನೆಯಾಕೆಗೆ ಹೇಳಿದೆ. ಆಕೆ ತೆಲುಗಿನಲ್ಲಿ, "ಉಂಚುಕೋಂಡಮ್ಮಾ, ಮುಂದು ರೇಟು ಪೆರುಗುತುಂದಿ" ಎಂದಳು. ಇಟ್ಟುಕೊಳ್ಳಿ, ಮುಂದೆ ರೇಟು ಏರುತ್ತದೆ ಅಂತ. ಆಕೆ ನಂಬರಿನಲ್ಲಿ ಏಳು ಎಂಟು ಆರು ಬರುವ ನೋಟುಗಳನ್ನೆಲ್ಲ ಖರ್ಚು ಮಾಡದೆ ಅಕ್ಕಿ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಲಕ್ಷ ಕೊಟ್ಟು ಕೊಳ್ಳುವವರು ಮುಂಬೈಯಲ್ಲಿ ಇದ್ದಾರಂತೆ. ಯಾರಿಗೂ ಅವರ ವಿಳಾಸ ಗೊತ್ತಿಲ್ಲ.

ರೇಟು ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನನಗೆ ನನ್ನ ತಮ್ಮನ ತಗಡಿನ ಡಬ್ಬಿ ನೆನಪಾಗುತ್ತದೆ.

ಆ ಡಬ್ಬಿ ತುಂಬಿದ್ದು ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಅಪ್ಪನ ವಿಷಯ ಗೊತ್ತಿರಬೇಕು. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಗುಲ್ಬರ್ಗದ ಕಡೆಯವನು, ನಿಜಾಮರ ಕಾಲದಲ್ಲಿ ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದವನು. ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿದಾಗ, "ಊರು ಆ ಕಡಿ ಹೋತು, ಬಸ್ಸು ಈ ಕಡಿ ಉಳೀತು, ನಾ ಬಸ್ಸಿನ ಸಂಗಟ ಉಳದೆ" ಎಂದು ನಗುತ್ತಿದ್ದ. ಕಾಚಿಗೂಡಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೊರಗೆ ತೆಲುಗು, ಬಜಾರಿನಲ್ಲಿ ಉರ್ದು, ಒಳಗೆ ನಮ್ಮ ಜೋಳದ ರೊಟ್ಟಿಯ ಕನ್ನಡ.

ಕಂಡಕ್ಟರನ ಮನೆಯಲ್ಲಿ ಚಿಲ್ಲರೆ ರಾಶಿ ಬಿದ್ದಿರುತ್ತದೆ ಎಂದು ನನ್ನ ಗೆಳತಿಯರು ತಿಳಿದಿದ್ದರು. ನಿಜ ಬೇರೆ: ಡ್ಯೂಟಿ ಮುಗಿದ ಮೇಲೆ ರೊಕ್ಕವನ್ನೆಲ್ಲ ಡಿಪೋದಲ್ಲಿ ಎಣಿಸಿ ಕೊಟ್ಟೇ ಮನೆಗೆ ಬರಬೇಕು. ಹಳೆಯ ಹಾಲಿ ಸಿಕ್ಕಾ, ಅಂದರೆ ನಿಜಾಮರ ನಾಣ್ಯ, ಆಗ ತಾನೆ ನಿಂತುಹೋಗಿತ್ತು. ಆದರೆ ಹಳ್ಳಿಯ ಮಂದಿಗೆ ಅದು ನಿಂತದ್ದು ಗೊತ್ತಿರಲಿಲ್ಲ. ಗೊತ್ತಿದ್ದವರು ಬಸ್ಸಿನ ನೂಕುನುಗ್ಗಲಲ್ಲಿ ಅದನ್ನೇ ಅಪ್ಪನ ಕೈಗೆ ತುರುಕುತ್ತಿದ್ದರು. ಡಿಪೋದ ಕ್ಯಾಷಿಯರು ಅಂಥವನ್ನೆಲ್ಲ ಬೆರಳ ತುದಿಯಿಂದ ಈ ಕಡೆ ತಳ್ಳುತ್ತಿದ್ದರು. ಅಷ್ಟನ್ನು ಅಪ್ಪ ತನ್ನ ಜೇಬಿನಿಂದ ತುಂಬಿಕೊಡಬೇಕು. ಹೀಗೆ ನಮ್ಮ ಮನೆಗೆ ಬರುತ್ತಿದ್ದುದು ಉಳಿದ ರೊಕ್ಕ ಅಲ್ಲ, ಯಾರೂ ಒಲ್ಲದ ರೊಕ್ಕ.

ಅವ್ವ ಬೈಯುತ್ತಿದ್ದಳು. "ಮಂದಿ ಮನಿ ಗಂಡಸರು ಪಗಾರ ತರ್ತಾರ. ನಮ್ಮವರು ಸತ್ತ ರೊಕ್ಕ ತರ್ತಾರ. ನಾಳೆ ಮುಂಜಾನಿ ಬಸ್ಸಿನ್ಯಾಗ ಮತ್ತೊಬ್ಬಗ ದಾಟಿಸಿ ಬಿಡ್ರಿ."

"ತಗೊಂಡಾಂವ ನಾನ ಅಲ್ಲೇನು?" ಎನ್ನುತ್ತಿದ್ದ ಅಪ್ಪ. "ಕಣ್ಣಿದ್ದು ತಗೊಂಡೀನಿ. ಮತ್ತೊಬ್ಬನ ಕಣ್ಣಿಗೆ ಯಾಕ ಮಣ್ಣು ಹಾಕಲಿ?"

ದಾಟಿಸದ ಆ ನಾಣ್ಯಗಳು ಶರಣುವಿಗೆ ಬಂದವು. ನಡುವೆ ತೂತಿದ್ದ ದುಡ್ಡು, ಹೂವಿನ ಎಸಳಿನಂಥ ಅಂಚಿನ ಆಣೆ, ಮೂಲೆ ದುಂಡಾದ ಚೌಕದ ಎರಡಾಣೆ. ಅವನು ಒಂದೊಂದನ್ನೂ ಕಾಗದದಲ್ಲಿ ಸುತ್ತಿಡುತ್ತಿದ್ದ. ಕಾಗದವೂ ಅಪ್ಪನದೇ: ಟಿಕೀಟಿನ ಕಟ್ಟು ಮುಗಿದಾಗ ಕೊನೆಗೆ ಉಳಿಯುವ ದಪ್ಪ ಹಾಳೆ. ಅದರ ಮೇಲೆ ಅಪ್ಪನನ್ನು ಕೇಳಿ ಕೇಳಿ ಬರೆಯುತ್ತಿದ್ದ. "ಅಫ್ಜಲ್‌ಗಂಜ್, ಹೂ ಮಾರುವಾಕೆ." "ಮಳೆ ಇತ್ತು, ಉಪ್ಪಲ್." "ಕುಡಿದವನು, ನಾಂಪಲ್ಲಿ, ಬೈದ." ನಾನು ಅವನಿಗಿಂತ ದೊಡ್ಡವಳು, ನನ್ನ ಪಾಲಿಗೆ ಬಂದದ್ದರಲ್ಲಿ ನಡೆಯುವಂಥದು ಏನಾದರೂ ಸಿಕ್ಕರೆ ಕಾರ್ನರ್ ಅಂಗಡಿಯಲ್ಲಿ ಪೆಪ್ಪರಮೆಂಟು ತಿನ್ನುತ್ತಿದ್ದೆ. ಒಮ್ಮೆ ನಡೆಯದ ಒಂದು ಆಣೆಯನ್ನು ಸಂಜೆ ಮಬ್ಬಿನಲ್ಲಿ ಅಂಗಡಿಯವನಿಗೆ ದಾಟಿಸಿಯೂ ಬಿಟ್ಟೆ. ಅಪ್ಪನ ಗುಣ ನನಗೆ ಬರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಡಬ್ಬಿಯಲ್ಲಿದ್ದ ಒಂದೇ ದೊಡ್ಡ ನಾಣ್ಯ ಚಾರ್‌ಮಿನಾರಿನ ಬೆಳ್ಳಿ ರೂಪಾಯಿ. ಅದನ್ನು ಕೊಟ್ಟವಳು ಒಬ್ಬ ಹಳ್ಳಿಯ ಮುದುಕಿ. ಸೀರೆಯ ಗಂಟು ಬಿಚ್ಚಿ ಕೊಟ್ಟಳಂತೆ. ಬೇರೆ ರೊಕ್ಕ ಅವಳ ಹತ್ತಿರ ಇರಲಿಲ್ಲ. ಇದು ನಡೆಯುವುದಿಲ್ಲಮ್ಮಾ ಎಂದರೆ ಆಕೆಗೆ ತಿಳಿಯಲಿಲ್ಲ. ಅಪ್ಪ ಟಿಕೀಟು ಹರಿದು, ಉಳಿದ ಚಿಲ್ಲರೆಯನ್ನೂ ಎಣಿಸಿ ಕೊಟ್ಟ. ಕ್ಯಾಷಿಯರು ಒಲ್ಲೆ ಅಂದರು. ಅವ್ವನಿಗೆ ಅವತ್ತು ಮೊದಲ ಸಲ ಸತ್ತ ರೊಕ್ಕದ ಮೇಲೆ ಪ್ರೀತಿ ಬಂತು, ಬೆಳ್ಳಿ ಅಲ್ಲವೇ. ಅಪ್ಪ ಮಾತ್ರ ಅದನ್ನು ಖಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಡ್ಯೂಟಿಗೆ ಹೋಗತೊಡಗಿದ.

"ಒಂದು ರೂಪಾಯಿಗಿಂತ ಬೆಳ್ಳಿ ಜಾಸ್ತಿ ಐತಿ ಇದರಾಗ. ಆಕಿ ಸಿಕ್ಕರ ಆಕಿದು ಆಕಿಗೆ ಕೊಡಬೇಕು" ಎಂದ.

ಆಕೆ ಸಿಗಲಿಲ್ಲ. ರೂಪಾಯಿ ಅಪ್ಪನ ಜೇಬಿನಲ್ಲಿ ಬೆವರು, ಬೀಡಿಪುಡಿ, ಟಿಕೀಟಿನ ಮಸಿ ಎಲ್ಲ ಕುಡಿದು ಕಪ್ಪಾಯಿತು. ಬದಲಿ ಖಾಕಿ ಅಂಗಿ ಬಂದಾಗ ಅಪ್ಪ ಅದನ್ನು ಶರಣುವಿಗೆ ಕೊಟ್ಟುಬಿಟ್ಟ. ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಪುಟ್ಟ ಉರ್ದು ಅಕ್ಷರ ಇರುತ್ತದೆ. ಕಪ್ಪು ತುಂಬಿದ್ದರಿಂದ ನಮ್ಮ ರೂಪಾಯಿಯಲ್ಲಿ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಶರಣು ಅದನ್ನು ನನಗೆ ತೋರಿಸಿದ. ನನಗೆ ಅಕ್ಷರ ಕಾಣಲಿಲ್ಲ. "ಬೆಕ್ಕು ಕುಂತೈತಿ" ಎಂದೆ. ಅವನ ನಾಣ್ಯಗಳನ್ನು ನಾನು ಕಣ್ಣಿಟ್ಟು ನೋಡಿದ್ದು ಅದೊಂದೇ ಸಲ. ಆಮೇಲೆ ಅವನು ಏನು ತೋರಿಸಿದರೂ ನನ್ನ ಬಾಯಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: "ಎಷ್ಟು ಬರ್ತೈತಿ?"

ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಗಂಡನ ಮನೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅರ್ಧ ನಿಜವೂ ಹೌದು. ಬೇಗಂ ಬಜಾರಿನಲ್ಲಿ ನಮ್ಮದು ತಾಮ್ರ, ಹಿತ್ತಾಳೆ ಪಾತ್ರೆಯ ಅಂಗಡಿ. ಹೊಸದನ್ನು ಮಾರುತ್ತೇವೆ, ಹಳೆಯದನ್ನು ತೂಕಕ್ಕೆ ಕೊಳ್ಳುತ್ತೇವೆ. ತೂಕಕ್ಕೆ ಬಂದ ಹಳೆಯ ಹಂಡೆ, ತಂಬಿಗೆ ಗಟ್ಟಿಯಿದ್ದರೆ ಒಡೆಯಲು ಕೊಡದೆ ಹಿತ್ತಿಲಿಗೆ ಕಳಿಸುತ್ತಾರೆ. ಅಲ್ಲಿ ಹೆಂಗಸರು ನಾವು ಹುಣಸೆಹಣ್ಣು, ಉಪ್ಪು, ಇಟ್ಟಿಗೆಪುಡಿ ಹಾಕಿ ತಿಕ್ಕುತ್ತೇವೆ. ಕರ್ರಗೆ ಬಂದ ತಂಬಿಗೆ ಬಂಗಾರದ ಹಾಗೆ ಹೊರಗೆ ಹೋಗುತ್ತದೆ, ದುಪ್ಪಟ್ಟು ಬೆಲೆಗೆ. ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಕೈ ಈ ಕೆಲಸಕ್ಕೆ ಒಗ್ಗಿತು. "ಮಾದೇವಿ ಕೈ ಬಿದ್ದರ ಕಬ್ಬಿಣಾನೂ ಮಿಂಚ್ತೈತಿ" ಎಂದು ನಮ್ಮ ಅತ್ತೆ ಬಂದವರ ಮುಂದೆ ಹೇಳುತ್ತಿದ್ದರು. ಅವರು ನನ್ನನ್ನು ಹೊಗಳಿದ್ದು ಅದೊಂದಕ್ಕೇ. ಮಿಕ್ಕಂತೆ ನಾನು ಕಂಡಕ್ಟರನ ಮಗಳು.

ಶರಣು ಸರ್ಕಾರಿ ಗುಮಾಸ್ತನಾದ. ವಾರಂಗಲ್ಲಿಗೆ ವರ್ಗವಾದಾಗ ಡಬ್ಬಿಯನ್ನು ತಂದು ನನ್ನ ಮುಂದಿಟ್ಟ.

"ಅಲ್ಲಿ ಎಂಥಾ ಮನಿ ಸಿಗ್ತೈತೋ ಗೊತ್ತಿಲ್ಲ ಅಕ್ಕಾ. ನಿಮ್ಮ ಮನ್ಯಾಗ ತಿಜೋರಿ ಐತಿ. ಇಟ್ಕೋ."

"ಇಡ್ತೀನಿ ಬಿಡು."

"ಒಂದ ಮಾತು. ತೊಳೀಬ್ಯಾಡ. ನಿನ್ನ ಕೈ ನನಗ ಗೊತ್ತೈತಿ."

"ಹೊಲಸು ಇದ್ದರ ಛಂದೇನೋ?"

"ಅದು ಹೊಲಸಲ್ಲ ಅಕ್ಕಾ" ಎಂದ. ಮತ್ತೆ ಏನು ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಬ್ಬಿ ತಿಜೋರಿಗೆ ಹೋದದ್ದು ಅತ್ತೆಯ ಕಣ್ಣಿಗೆ ಬಿತ್ತು. ಅವರು ಮನೆಗೆ ಬಂದವರಿಗೆಲ್ಲ, "ನಮ್ಮ ಸೊಸಿ ತವರಮನಿಂದ ಒಂದು ಡಬ್ಬಿ ಚಿಲ್ಲರ ಬಂದೈತಿ, ಇನ್ನ ನಮ್ಮ ಗಲ್ಲಾಕ್ಕ ಚಿಂತಿಲ್ಲ" ಎಂದು ಹೇಳುವುದು ಶುರುವಾಯಿತು. ನಮ್ಮ ಮನೆಯವರು ಬೇರೆ, "ಮಾಲು ಅಂದ್ರ ಓಡಬೇಕು. ಕುಂತ ಮಾಲು ಹೆಣ ಇದ್ದಂಗ" ಎಂದರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಂಗಡಿಯ ಬಗ್ಗೆ, ನಾಚಾರಂನಲ್ಲಿ ಕೊಂಡ ಜಾಗದ ಬಗ್ಗೆ, ಕೆಲವು ಸಲ ನೆಂಟರ ಬಗ್ಗೆಯೂ ಅವರು ಹಾಗೆಯೇ ಮಾತಾಡುತ್ತಾರೆ.

ಒಂದು ಬೇಸಿಗೆಯಲ್ಲಿ ನನಗೆ ಸಾಕಾಯಿತು. ತವರಿನ ಚಿಲ್ಲರೆಗೂ ಬೆಲೆ ಇದೆ ಎಂದು ನಾಲ್ಕು ನೋಟು ತಂದು ಅತ್ತೆಯ ಮುಂದೆ ಇಡಬೇಕು ಅನ್ನಿಸಿತು. ಬಂದ ರೊಕ್ಕವನ್ನು ಶರಣುವಿಗೇ ಕೊಡುತ್ತಿದ್ದೆ ಎಂದು ಈಗ ಬರೆದರೆ ನಿಮಗೆ ನನ್ನ ಮೇಲೆ ಸಿಟ್ಟು ಕಡಿಮೆಯಾದೀತು. ಆದರೆ ಕೊಡುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಆವತ್ತು ನನ್ನ ಲೆಕ್ಕದಲ್ಲಿ ಅವನು ಇರಲೇ ಇಲ್ಲ, ಅತ್ತೆಯ ಮುಖ ಮಾತ್ರ ಇತ್ತು.

ಮಾರುವ ಮುಂಚೆ ಬೆಳಗಬೇಕು. ಇದು ನಮ್ಮ ಅಂಗಡಿಯ ಮೊದಲ ಪಾಠ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಡಬ್ಬಿಯನ್ನು ಹಿತ್ತಿಲಿಗೆ ಒಯ್ದೆ. ಕಾಗದಗಳನ್ನು ಬಿಚ್ಚಿ ಒಲೆಗೆ ಹಾಕಿದೆ. ನೀರು ಕಾಯುತ್ತಿತ್ತು, ಚೆನ್ನಾಗಿ ಉರಿದವು. ತಾಮ್ರ, ಹಿತ್ತಾಳೆಯ ಬಣ್ಣದವಕ್ಕೆ ಹುಣಸೆಹಣ್ಣು. ಬೆಳ್ಳಿ ರೂಪಾಯಿಗೆ ವಿಭೂತಿ, ಬೆಳ್ಳಿಗೆ ಅದೇ ಸರಿ. ತೊಳೀಬ್ಯಾಡ ಎಂದ ಶರಣುವಿನ ಮಾತು ನೆನಪಾಯಿತೇ ಎಂದು ಕೇಳಿದರೆ, ಆಯಿತು. ತಿಕ್ಕುವಾಗಲೆಲ್ಲ ನೆನಪಿತ್ತು. ಓದಿದವರಿಗೆ ಪುಸ್ತಕ ಗೊತ್ತಿರುತ್ತದೆ, ವ್ಯಾಪಾರ ಗೊತ್ತಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನ ಜೇಬಿನ ಕಪ್ಪು ವಿಭೂತಿಯ ನೀರಿನೊಂದಿಗೆ ಮೋರಿಗೆ ಹೋಯಿತು. ಒಂದೂ ಬಿಡದೆ ಹೊಳೆಯತೊಡಗಿದವು. ಛಂದ ಕಂಡವು ಎಂಬುದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಮನೆಯಿಂದ ಜುಮೆರಾತ್ ಬಜಾರ್ ದೂರವಲ್ಲ. ಗುರುವಾರದ ಸಂತೆ, ಹಳೆಯ ಗಡಿಯಾರದಿಂದ ಹಿಡಿದು ಒಂಟಿ ಚಪ್ಪಲಿಯವರೆಗೆ ಎಲ್ಲ ಸಿಗುತ್ತದೆ. ಅಲ್ಲಿ ಗೋಣಿತಟ್ಟಿನ ಮೇಲೆ ನಾಣ್ಯ ಹರವಿಕೊಂಡು ಕೂಡುವ ಒಬ್ಬ ಮುದುಕ ಇದ್ದ. ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಡಬ್ಬಿ ತೆರೆದೆ. ಬಿಸಿಲಿಗೆ ಒಳಗಿನದೆಲ್ಲ ಝಗ್ ಎಂದಿತು. ನಾನು ಅವನ ಮುಖ ಅರಳುವುದನ್ನು ಕಾದೆ. ಅವನು ಚಾರ್‌ಮಿನಾರಿನ ರೂಪಾಯಿ ಎತ್ತಿಕೊಂಡು, ಹೊರಳಿಸಿ, ಹೆಬ್ಬೆಟ್ಟಿನಿಂದ ಒಮ್ಮೆ ಸವರಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ:

"ಕಾಯ್ಕು ಧೋಯೆ ಅಮ್ಮಾ?"

ಯಾಕೆ ತೊಳೆದಿರಿ ಎಂದರೆ ಏನು ಹೇಳುವುದು. "ಸಾಫ್ ದಿಖ್ನಾ ಬೋಲ್ಕೆ" ಎಂದೆ, ಸ್ವಚ್ಛ ಕಾಣಲಿ ಅಂತ.

"ಹಮೆ ಮೈಲ್ ಖರೀದ್ತೇ ಅಮ್ಮಾ. ಚಮಕ್ ನಕ್ಕೋ."

ನಾವು ಕೊಳ್ಳುವುದು ಕೊಳೆಯನ್ನು, ಹೊಳಪು ಬೇಡ ಅಂತ. ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದ: ನಾಣ್ಯ ಹಳೆಯದಾಗುತ್ತ ತಾನೇ ಒಂದು ಬಣ್ಣ ಹೊದ್ದುಕೊಳ್ಳುತ್ತದೆ, ಬೇಕಾದವರು ನೋಡುವುದು ಅದನ್ನೇ; ತಿಕ್ಕಿದ ಮೇಲೆ ಮೈತುಂಬ ಗೀರು ಬೀಳುತ್ತದೆ, ಮತ್ತೆ ಆ ಬಣ್ಣ ತರಿಸಲು ಬರುವುದಿಲ್ಲ. ಮಿಕ್ಕವು ಒಲ್ಲೆ, ಬೆಳ್ಳಿಯದಕ್ಕೆ ಬೇಕಾದರೆ ತೂಕದ ರೊಕ್ಕ ಕೊಡುತ್ತೇನೆ ಎಂದ. ನಿನ್ನೆ ತಂದಿದ್ದರೆ, ಎಂದು ಶುರು ಮಾಡಿದವನು ನನ್ನ ಮುಖ ನೋಡಿ ಬಿಟ್ಟುಬಿಟ್ಟ.

ತೂಕದ ರೊಕ್ಕ ಒಯ್ದು ಅತ್ತೆಯ ಮುಂದೆ ಇಟ್ಟರೆ ನಗೆಗೇಡು. ಹಾಗಾಗಿ ಡಬ್ಬಿಯನ್ನು ವಾಪಸು ತಂದೆ. ನಮ್ಮ ಅಪ್ಪನ ನಾಣ್ಯಗಳು ಇವತ್ತಿಗೂ ಮನೆತನದಲ್ಲಿ ಉಳಿದಿರುವುದು ನನ್ನ ಪ್ರಾಮಾಣಿಕತೆಯಿಂದಲ್ಲ, ಹುಣಸೆಹಣ್ಣಿನಿಂದ. ತಿಕ್ಕದೆ ಒಯ್ದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು, ಮಾರಿಯೇ ಬರುತ್ತಿದ್ದೆ.

ಮನೆಗೆ ಬಂದ ಮೇಲೆ ನಾನು ಮಾಡಿದ ಕೆಲಸವೇ ಎಲ್ಲಕ್ಕಿಂತ ಕೆಟ್ಟದ್ದು. ನಾಣ್ಯಗಳನ್ನು ಹರಿವಾಣದಲ್ಲಿ ಹರವಿ, ಅರಿಶಿನ ಕುಂಕುಮ ಹಚ್ಚಿ, ಲಕ್ಷ್ಮಿಯ ಫೋಟೋದ ಮುಂದಿಟ್ಟು ಆರತಿ ಎತ್ತಿದೆ. ಸುಳ್ಳು ಹೇಳಬೇಕಾಗುತ್ತದೆ ಎಂದು ಆಗಲೇ ಗೊತ್ತಿತ್ತು. ಹೇಳುವ ಸುಳ್ಳು ಪೂರ್ತಿ ಸುಳ್ಳಾಗದಿರಲಿ ಅಂತ. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆ ಆದದ್ದು ಅದೇ ಮೊದಲು, ಅದೇ ಕೊನೆ. ಅತ್ತೆ ಪ್ರಸಾದ ಕೇಳಿದರು. ಸಕ್ಕರೆ ಕೊಟ್ಟೆ.

ಶರಣು ವಾಪಸು ಹೈದರಾಬಾದಿಗೆ ವರ್ಗವಾಗಿ ಬಂದು ಡಬ್ಬಿ ತೆರೆದಾಗ ನಾನು ಅವನು ಬಾಯಿ ತೆರೆಯುವ ಮುಂಚೆಯೇ ಹೇಳಿಬಿಟ್ಟೆ. "ಲಕ್ಷ್ಮೀಪೂಜಾಕ್ಕ ಇಟ್ಟಿದ್ದೆ ತಮ್ಮಾ. ಹಂಗ ಹೆಂಗ ಇಡೂದು ದೇವರ ಮುಂದ, ಅದಕ್ಕ ತೊಳದೆ."

ಅವನು ಒಂದನ್ನು ಎತ್ತಿ ನೋಡಿದ. ಅಂಚಿನಲ್ಲಿ ಕುಂಕುಮ ಒಣಗಿತ್ತು. ಇನ್ನೊಂದನ್ನು ಎತ್ತಿದ. ಡಬ್ಬಿಯ ತಳದಲ್ಲಿ ಬೆರಳಾಡಿಸಿದ.

"ಕಾಗದ?" ಎಂದ.

"ಒಲಿಗೆ ಹಾಕಿದೆ. ಹಳೇವಾಗಿದ್ದವಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ, "ಛಲೋ ಬೆಳಗೀದಿ ಬಿಡು ಅಕ್ಕಾ" ಎಂದು ನಕ್ಕ. ದೇವರ ಹೆಸರು ಬಂದ ಮೇಲೆ ಅವನೇನು ಬೈದಾನು? ನಾನು ಓದದವಳು, ಭಕ್ತಿಯಿಂದ ಮಾಡಿದವಳು. ಆ ಎರಡೂ ಮಾತು ಅವನ ಬಾಯಿಂದ ಅವನ ಹೆಂಡತಿಗೆ, ಅವಳ ಬಾಯಿಂದ ನೆಂಟರಿಗೆ ಹೋದವು. "ಪಾಪ, ಅಕ್ಕಗ ಏನು ತಿಳಿತೈತಿ" ಎಂದು ಎಲ್ಲರೂ ಪ್ರೀತಿಯಿಂದ ನಗುತ್ತಿದ್ದರು. ಶಾಲೆ ಬಿಟ್ಟದ್ದಕ್ಕೆ ನನಗೆ ಅಳು ಬಂದದ್ದಿದೆ. ಆದರೆ ಅದು ಮರೆಯಾಗಿ ನಿಲ್ಲಲು ಒಳ್ಳೆಯ ಗೋಡೆ ಎಂದು ಕಂಡದ್ದು ಆಗಲೇ.

ಪಾಪ ಕಳೆದುಕೊಳ್ಳಲು ನಾನು ಪ್ರಯತ್ನ ಮಾಡಲಿಲ್ಲ ಎಂದಲ್ಲ. ದೀಪಾವಳಿ ಬಂದಾಗಲೆಲ್ಲ ಸರಾಫರ ಅಂಗಡಿಯಿಂದ ಲಕ್ಷ್ಮಿಯ ಚಿತ್ರ ಒತ್ತಿದ ಹೊಸ ಬೆಳ್ಳಿ ನಾಣ್ಯ ತಂದು ಅವನಿಗೆ ಕೊಡತೊಡಗಿದೆ. ಒಂದು ಹಾಳುಮಾಡಿದ್ದಕ್ಕೆ ಹಲವು ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ ಎಂದುಕೊಂಡಿದ್ದೆ. ಅವನು ಕಣ್ಣಿಗೊತ್ತಿಕೊಂಡು ಇಸಿದುಕೊಳ್ಳುತ್ತಿದ್ದ. ಒಮ್ಮೆ ಮಾತ್ರ ನಗುತ್ತ, "ಅಕ್ಕಾ, ಇವು ನಾಣ್ಯ ಅಲ್ಲ, ಬರೇ ಬೆಳ್ಳಿ ಬಿಲ್ಲೆ. ಯಾರ ಕೈಯಾಗೂ ತಿರುಗಿಲ್ಲ, ಏನೂ ಕೊಂಡಿಲ್ಲ" ಎಂದ. ನನ್ನ ಪ್ರಾಯಶ್ಚಿತ್ತಕ್ಕೂ ಚಲಾವಣೆ ಇಲ್ಲ ಎಂದು ಗೊತ್ತಾಯಿತು.

ಹೂಡಿಕೆ ಎಂದರೆ ಏನು ಎಂದು ನಮ್ಮ ಮನೆಯವರಿಂದ ಕೇಳಬೇಕು. ಅವರ ಪ್ರಕಾರ ಶರಣುವಿನಂಥ ದಡ್ಡ ಇನ್ನೊಬ್ಬನಿಲ್ಲ. ಮಣಿಕೊಂಡದಲ್ಲಿ ಬಂಡೆಗಲ್ಲು ಬಿಟ್ಟರೆ ಏನೂ ಇಲ್ಲದ ಕಾಲದಲ್ಲಿ ಅವನು ಅಲ್ಲಿ ಜಾಗ ಕೊಂಡಾಗ, "ಅಲ್ಲಿ ನರಿ ಬಾಡಿಗಿ ಕೊಡ್ತಾವೇನೋ?" ಎಂದು ಇವರು ನಕ್ಕಿದ್ದರು. ಬಂಡೆಗಳು ಒಂದರ ಮೇಲೊಂದು ಕುಳಿತ ರೀತಿ ಛಂದ ಕಂಡಿತು, ಅದಕ್ಕೇ ಕೊಂಡೆ ಎಂದಿದ್ದ ಅವನು. ಈಗ ಅದರ ಸುತ್ತ ಗಾಜಿನ ಕಟ್ಟಡಗಳು ಎದ್ದಿವೆ. ನಮ್ಮ ನಾಚಾರಂ ಜಾಗದ ಮುಂದೆ ಇವತ್ತಿಗೂ ಲಾರಿ ನಿಂತು ಹೊಗೆ ಬಿಡುತ್ತದೆ. ಯಾರು ಅಲ್ಲಿ ಅವನು ಕಟ್ಟಿಸಿದ ಮನೆಯ ಬೆಲೆ ಹೇಳಿದರೂ ಶರಣು, "ಹೌದೇನು?" ಎನ್ನುತ್ತಾನೆ, ಬಂಡೆಗಳು ಹೋದವಲ್ಲ ಎಂದು ಕೊರಗುತ್ತಾನೆ. ನಮ್ಮವರಿಗೆ ಅವನ ಮೇಲೆ ಸಿಟ್ಟು ಬರುವುದು ಅದಕ್ಕೇ. ಲಾಭ ಬಂದರೂ ಸಂತೋಷಪಡಲು ಬಾರದ ಮನುಷ್ಯ.

ಚಾರಾಣೆಯ ಸುದ್ದಿ ಬಂದು ಸ್ವಲ್ಪ ದಿನಕ್ಕೇ ಅವನ ಫೋನು ಬಂತು. ಒಂದು ಮದುವೆ ಹಾಲಿನಲ್ಲಿ ನಾಣ್ಯದ ಹವ್ಯಾಸಿಗಳೆಲ್ಲ ಸೇರಿ ಮೇಳ ಮಾಡುತ್ತಿದ್ದಾರೆ, ನನ್ನದೂ ಒಂದು ಮೇಜು ಇದೆ, ನೀನು ಬರಲೇಬೇಕು ಎಂದ. ಇಷ್ಟು ವರ್ಷದಲ್ಲಿ ಅವನು ಎಷ್ಟೋ ಸಲ ಕರೆದಿದ್ದ, ನಾನು ಮಂಡಿನೋವು ಹೇಳುತ್ತಿದ್ದೆ. ಈ ಸಲ ಮಗನನ್ನೇ ಕಾರು ಕೊಟ್ಟು ಕಳಿಸಿದ್ದ.

ಹಾಲಿನ ತುಂಬ ಜನ. ಅರ್ಧ ಜನ ಭೂತಗನ್ನಡಿ ಹಿಡಿದು ಬಗ್ಗಿದ್ದರು, ಅರ್ಧ ಜನ ಫೋನಿನಲ್ಲಿ ರೇಟು ಕೇಳುತ್ತಿದ್ದರು. ಶರಣುವಿನ ಮೇಜಿನ ಮೇಲೆ ಗಾಜಿನ ಮುಚ್ಚಳದ ಒಂದು ಮರದ ಪೆಟ್ಟಿಗೆ. ಒಳಗೆ ಕೆಂಪು ಬಟ್ಟೆಯ ಮೇಲೆ ಅಪ್ಪನ ನಾಣ್ಯಗಳು. ನಡುವೆ ಎರಡು ಚಾರ್‌ಮಿನಾರಿನ ರೂಪಾಯಿ: ಎಡಗಡೆಯದು ಅವನು ಯಾರಿಂದಲೋ ಬದಲಿಗೆ ಪಡೆದ ಕಪ್ಪುಮೈಯದು, ಬಲಗಡೆಯದು ನಮ್ಮದು. ಪಕ್ಕದಲ್ಲಿ ಒಂದು ಚೀಟಿ, ಇಂಗ್ಲಿಷು, ತೆಲುಗು, ಕೆಳಗೆ ಕನ್ನಡ.

"ಓದು ಅಕ್ಕಾ" ಎಂದ.

ಕನ್ನಡದ ಸಾಲು ಓದಿದೆ. 'ಬಲಗಡೆಯ ನಾಣ್ಯವನ್ನು ನನ್ನ ಅಕ್ಕ ಮಹಾದೇವಿ ಲಕ್ಷ್ಮೀಪೂಜೆಗಾಗಿ ತೊಳೆದಳು. ತೊಳೆದ ನಾಣ್ಯಕ್ಕೆ ಬೆಲೆ ಇಲ್ಲ. ಭಕ್ತಿಗೆ ಬೆಲೆ ಕಟ್ಟಲಾಗದು.'

"ಮೇಳ ಮುಗದ ಮ್ಯಾಲೆ ಈ ಪೆಟ್ಟಿಗಿ ನಮ್ಮ ಕನ್ನಡ ಸಾಲಿಗೆ ಕೊಡಾಕತ್ತೀನಿ. ಹೆಡ್‌ಮಾಸ್ತರಿಗೆ ಹೇಳೀನಿ. ಗ್ವಾಡಿಗೆ ಹೊಡಸ್ತಾರ. ಹುಡುಗ್ರು ಓದ್ತಾರ. ನೀ ಬಿಟ್ಟ ಸಾಲ್ಯಾಗ ನಿನ್ನ ಹೆಸರು ಇರ್ತೈತಿ."

ಚೀಟಿಯನ್ನು ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ ಒಬ್ಬ ಹುಡುಗ ಬಗ್ಗಿ ನೋಡಿ, "ಅಂಕುಲ್, ಐದೇಳ್ಳಲ್ಲೋ ದೀನಿಕಿ ಎಂತ ವಸ್ತುಂದಿ?" ಎಂದು ಕೇಳಿದ. ಐದು ವರ್ಷದಲ್ಲಿ ಇದಕ್ಕೆ ಎಷ್ಟು ಬರುತ್ತದೆ ಎಂದು.

ಶರಣು ನಗುತ್ತ ಅವನಿಗೆ ತೆಲುಗಿನಲ್ಲಿ ಹೇಳಿದ: ನನಗೆ ಗೊತ್ತಿಲ್ಲಪ್ಪ, ಬಲಗಡೆಯದಕ್ಕೆ ಮಾತ್ರ ಏನೂ ಬರುವುದಿಲ್ಲ, ಇವರೇ ನಮ್ಮ ಅಕ್ಕ, ದೇವರಿಗೆಂದು ತೊಳೆದುಬಿಟ್ಟರು. ಪಕ್ಕದ ಮೇಜಿನ ಹೆಂಗಸು ಎದ್ದು ಬಂದಳು. "ಮೀರೇನಾ ಆ ಅಕ್ಕ?" ನೀವೇನಾ ಆ ಅಕ್ಕ ಎಂದು ನನ್ನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಇಂಥ ಭಕ್ತಿ ಈ ಕಾಲದಲ್ಲಿ ಎಲ್ಲಿದೆ ಎಂದಳು. ನಾಲ್ಕು ಜನ ನಮಸ್ಕಾರ ಮಾಡಿದರು. ಶರಣುವಿನ ಮುಖ ನೋಡಿದೆ. ಅವನಿಗೆ ನನ್ನ ಬಗ್ಗೆ ಹೆಮ್ಮೆಯಾಗಿತ್ತು.

ಸುತ್ತ ನಿಂತವರಿಗೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಹೈದರಾಬಾದಿನಲ್ಲಿ ನಮ್ಮಂಥವರಿಗೆ ಅದೊಂದು ಅನುಕೂಲ. ತುಂಬಿದ ಸಭೆಯಲ್ಲಿಯೂ ಮನೆಯೊಳಗೆ ಮಾತಾಡಿದಂತೆ ಮಾತಾಡಬಹುದು.

"ಶರಣು, ಆ ಚೀಟಿ ತೆಗಿ" ಎಂದೆ.

"ಯಾಕ, ತಪ್ಪಾಗೈತೇನು ಬರದದ್ದು?"

"ಲಕ್ಷ್ಮೀಪೂಜಾಕ್ಕ ತೊಳದಿಲ್ಲ ನಾ. ಮಾರಾಕ ತೊಳದೆ. ಜುಮೆರಾತ್ ಬಜಾರಿಗೆ ಒಯ್ದಿದ್ದೆ. ತೊಳದದ್ದು ಒಲ್ಲೆ ಅಂದ ಅಂವ, ಅದಕ್ಕ ಉಳದಾವ. ಪೂಜಾ ಆಮ್ಯಾಲೆ ಮಾಡಿದ್ದು. ನಿನಗ ಹೇಳಾಕ ಮಾಡಿದ್ದು."

ಅವನ ಮುಖದ ಮೇಲೆ, ಬಂದವರಿಗೆಂದು ತಂದುಕೊಂಡ ನಗು ಹಾಗೆಯೇ ಇತ್ತು. ಅದನ್ನು ಇಳಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹೆಂಗಸು ಇನ್ನೂ ನನ್ನ ಒಂದು ಕೈ ಹಿಡಿದುಕೊಂಡೇ ಇದ್ದಳು.

"ನಾ ತೊಳೀಬ್ಯಾಡ ಅಂದಿದ್ದು?" ಎಂದ.

"ನೆನಪಿತ್ತು."

ಶರಣು ಗಾಜಿನ ಮುಚ್ಚಳ ಎತ್ತಿದ. ಚೀಟಿಯನ್ನು ತೆಗೆದ. ಹರಿಯುತ್ತಾನೆ ಎಂದುಕೊಂಡೆ, ಹರಿಯಲಿಲ್ಲ. ಹಿಂದುಮುಂದು ಮಾಡಿ, ಖಾಲಿ ಇದ್ದ ಬೆನ್ನನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟ. ಜೇಬಿನಿಂದ ಪೆನ್ನು ತೆಗೆದ.

"ಮತ್ತ ಏನಂತ ಬರೀಲಿ ಅಕ್ಕಾ?" ಎಂದ. ಸಿಟ್ಟಿನಿಂದ ಕೇಳಿದನೋ, ನಿಜವಾಗಿ ಕೇಳಿದನೋ ತಿಳಿಯಲಿಲ್ಲ.

"ಅಕ್ಕ ಮಾರಾಕ ತೊಳದಳು ಅಂತ ಬರಿ. ಸುಳ್ಳು ಹೇಳಿದಳು ಅಂತನೂ ಬರಿ. ಇಂಗ್ಲಿಷಿನ್ಯಾಗ ಬರಿ, ತೆಲುಗಿನ್ಯಾಗ ಬರಿ, ಸಾಲಿ ಹುಡುಗ್ರು ಎಲ್ಲಾರೂ ಓದಲಿ. ನಿನಗ ಮಾತ್ರ ನಾ ಬಾಯಿಲೇ ಹೇಳ್ತೀನಿ. ತಪ್ಪಾತು, ತಮ್ಮಾ. ನಾ ಮಾಡಬಾರದಿತ್ತು."